ಎಲೆ ನೋಡಿ ಆರಿಸಿದ ರಾಮಪತ್ರೆ

ಶೆಟ್ಟಿಕೊಪ್ಪದಿಂದ ಶೃಂಗೇರಿಯವರೆಗೆ ಯಾವ ಮಂಗಟ್ಟೆ ಹಕ್ಕಿಯೂ ನನ್ನ ಒಪ್ಪಿಗೆ ಪಡೆಯದೆ ಮರ ಆರಿಸುವುದಿಲ್ಲ. ಹೋದ ಮಾಘದಲ್ಲಿ ಒಂದು ಜೋಡಿ ನಮ್ಮ ಜಗಲಿಗೇ ಬಂದಿತ್ತು. ಗಂಡು ಸಂಕೋಚದಿಂದ ಮೆಟ್ಟಿಲ ಹತ್ತಿರವೇ ನಿಂತಿತು, ಮಾತಾಡಿದ್ದೆಲ್ಲ ಹೆಣ್ಣು. ಗುಡ್ಡದಾಚೆ ಒಂದು ಒಳ್ಳೆಯ ಪೊಟರೆ ನೋಡಿದ್ದೇವೆ, ಸುತ್ತ ಹಣ್ಣಿನ ಮರ ಸಾಲದು, ಹೋಗಬಹುದೋ ಬೇಡವೋ ಎಂದು ಕೇಳಿತು. ನಾನು ಬಾಯಲ್ಲಿದ್ದ ಎಲೆಯಡಿಕೆ ಉಗಿದು ಬಂದು, "ಈ ವರ್ಷ ಬೇಡ, ಅಲ್ಲಿನ ಬಸರಿ ಮರಕ್ಕೆ ಇನ್ನೂ ವಯಸ್ಸಾಗಿಲ್ಲ" ಎಂದೆ. ಎರಡೂ ತಲೆ ತಗ್ಗಿಸಿ ಹಾರಿಹೋದವು.

ನಂಬದವರು ನಂಬದೆಯೇ ಇರಲಿ, ನನಗೇನೂ ನಷ್ಟವಿಲ್ಲ. ನನ್ನ ಹೆಸರು ಲಕ್ಷ್ಮೀಶ, ಕಸುಬು ಕಸಿ ಕಟ್ಟುವುದು. ಜಾಯಿಕಾಯಿ, ಮಾವು, ಕಾಳುಮೆಣಸು, ಯಾವುದಾದರೂ ಸರಿ. ನಾನು ನೂರು ಕಸಿ ಕಟ್ಟಿದರೆ ನೂರೆರಡು ಹಿಡಿಯುತ್ತವೆ. ಆ ಎರಡು ಎಲ್ಲಿಂದ ಬಂದವೆಂದು ನನಗೂ ಗೊತ್ತಿಲ್ಲ. ಕಸಿಯ ಮೇಲೆ ನಾನು ಹಾಕುವ ಗಂಟಂತೂ ಮೂರು ತಾಲ್ಲೂಕಿಗೆ ಒಂದೇ: ಬಲಕ್ಕೆ ಎರಡು ಸುತ್ತು, ಎಡಕ್ಕೆ ಒಂದು, ತುದಿಯನ್ನು ಒಳಗಿನಿಂದ ತೂರಿಸಿ ಮೇಲಕ್ಕೆ ಎಳೆದರೆ ಆಯಿತು. ಕೊಪ್ಪದಲ್ಲಿ ಯಾವನಾದರೂ ಇಂಥ ಗಂಟು ಹಾಕಿ ತೋರಿಸಲಿ, ನಾನು ಅವತ್ತೇ ಕತ್ತಿ ಕೆಳಗಿಡುತ್ತೇನೆ ಎಂದು ಹೋದಲ್ಲೆಲ್ಲ ಹೇಳಿದ್ದೇನೆ. ಯಾರಿಗೂ ಬಂದಿಲ್ಲ.

ಈಚೆಗೆ ಹಿತ್ತಲಿಗೆ ಹಕ್ಕಿ ಬರಬೇಕೆನ್ನುವವರು ಹೆಚ್ಚಾಗಿದ್ದಾರೆ. ಬೇಲಿಗೆಲ್ಲ ಸಿಲ್ವರ್ ಓಕ್, ಗುಡ್ಡಕ್ಕೆಲ್ಲ ಅಕೇಶಿಯ ನೆಟ್ಟವರೇ ಬಂದು, "ಒಂದು ಹಕ್ಕಿಯೂ ಕೂರೋದಿಲ್ಲ ಮಾರಾಯ" ಎನ್ನುತ್ತಾರೆ. ತಿನ್ನಲು ಏನಿದೆಯೆಂದು ಕೂರಬೇಕು? ಕುಟುರಕ್ಕೆ ಅತ್ತಿ ಬೇಕು, ಬಸರಿ ಬೇಕು. ಸೂರಕ್ಕಿಗೆ ಹಾಲುವಾಣದ ಹೂವು ಬೇಕು. ಪಿಕಳಾರ ಸಂಪಿಗೆಯ ಕಾಯಿ ಒಡೆಯುವುದನ್ನೇ ಕಾಯುತ್ತಿರುತ್ತದೆ, ಒಳಗಿನ ಕೆಂಪು ಬೀಜಕ್ಕೆ. ಇಷ್ಟನ್ನು ಊರಲ್ಲಿ ಯಾರಾದರೂ ಹೇಳಿಯಾರು. ಮಂಗಟ್ಟೆಗೆ ಮರ ಹೇಳಬೇಕಾದರೆ ಮಾತ್ರ ನನ್ನ ಮನೆಗೇ ಬರಬೇಕು.

ಮಂಗಟ್ಟೆಗೆ ಪ್ರೀತಿ ರಾಮಪತ್ರೆ. ಕಂದು ಮಖಮಲ್ಲಿನಂಥ ಕಾಯಿ ಮಾಗಿ ಎರಡು ಹೋಳಾಗಿ ಬಾಯಿಬಿಟ್ಟರೆ, ಒಳಗೆ ಬೀಜವನ್ನು ಬೆರಳುಗಳಿಂದ ಹಿಡಿದಂತೆ ಹಳದಿ ಪತ್ರೆ ಕಾಣುತ್ತದೆ. ಅದಕ್ಕಾಗಿ ಹಕ್ಕಿ ಗುಡ್ಡ ದಾಟಿ ಬರುತ್ತದೆ. ಆದರೆ ಈ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಕಾಯಿ ಬಿಡುವುದು ಹೆಣ್ಣು ಮಾತ್ರ. ಯಾವುದು ಯಾವುದೆಂದು ತಿಳಿಯಲು ಹೂ ಬರುವವರೆಗೆ, ಎಂಟೋ ಹತ್ತೋ ವರ್ಷ, ಕಾಯಬೇಕು. ಅದಕ್ಕೇ ನಮ್ಮ ಕಡೆಯವರು ನಾಲ್ಕೈದು ಗಿಡ ಒಟ್ಟಿಗೆ ನೆಟ್ಟು, ಹೂ ಬಂದ ಮೇಲೆ ಒಂದು ಗಂಡು ಉಳಿಸಿ ಮಿಕ್ಕ ಗಂಡುಗಳನ್ನು ತೆಗೆಯುತ್ತಾರೆ. ಅದು ಸಾಮಾನ್ಯ ಜನರ ಕ್ರಮ. ನಾನಾದರೆ ಎಲೆ ನೋಡಿಯೇ ಹೇಳುತ್ತೇನೆ.

ಹಾಗೆಂದು ಹನ್ನೆರಡು ವರ್ಷದ ಹಿಂದೆ ಸೀತೂರಿನಲ್ಲಿ ಒಬ್ಬರಿಗೆ ಹೇಳಿದ್ದೆ. ಈ ಸಲ ಯುಗಾದಿಗೆ ಆರು ದಿನ ಇರುವಾಗ ಅವರಿಂದ ಫೋನು ಬಂತು.

ಅವರು ವನಮಾಲಕ್ಕ, ಸೀತೂರಿನ ಹರಿಹರಣ್ಣನ ಹೆಂಡತಿ. ತವರು ಶೃಂಗೇರಿಯಿಂದ ಮೇಲೆ ಕಿಗ್ಗದ ಕಡೆ. ಅಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಹಳೇ ರಾಮಪತ್ರೆ ಇತ್ತಂತೆ. ಅಕ್ಕ ಬಟ್ಟೆ ಕುಸುಬುತ್ತಿದ್ದರೆ ಮೇಲಿನಿಂದ ಮಂಗಟ್ಟೆಗಳು ನಗುತ್ತಿದ್ದವಂತೆ. ನಮ್ಮ ಬೂದು ಮಂಗಟ್ಟೆಯ ಕೂಗೇ ಹಾಗೆ, ಯಾರೋ ನಮ್ಮ ಗುಟ್ಟು ತಿಳಿದು ಬಿದ್ದು ಬಿದ್ದು ನಕ್ಕ ಹಾಗೆ. ರಸ್ತೆ ಅಗಲ ಮಾಡುವಾಗ ಆ ಮರ ಹೋಯಿತು. ಹೋಗುವ ಮುಂಚೆ ಅಕ್ಕ ಕೊನೆಯ ಬೀಜ ಹೆಕ್ಕಿ ತಂದು ಸೀತೂರಿನಲ್ಲಿ ಸಸಿ ಮಾಡಿದರು. ಬದುಕಿದ್ದು ನಾಲ್ಕು.

ನಾಲ್ಕನ್ನೂ ಅಂಗಳದ ಅಂಚಿನಲ್ಲಿ ನೆಡುತ್ತೇನೆ ಎಂದು ಅಕ್ಕ, ಅಡಿಕೆ ಒಣಗಿಸುವ ಅಂಗಳಕ್ಕೆ ನಾಲ್ಕು ಮರದ ನೆರಳು ಬೇಡ, ಒಂದು ಸಾಕು ಎಂದು ಹರಿಹರಣ್ಣ. ಇಬ್ಬರ ನಡುವೆ ನನ್ನನ್ನು ಕರೆಸಿದರು. ನಾನು ನಾಲ್ಕು ಸಸಿಯ ಎಲೆಯನ್ನೂ ಬಿಸಿಲಿಗೆ ಹಿಡಿದೆ, ನರ ಎಣಿಸಿದೆ, ಹಿಸುಕಿ ಮೂಸಿದೆ, ಒಂದು ಎಲೆಯನ್ನು ಕಿವಿಯ ಹತ್ತಿರ ಇಟ್ಟು ಕೇಳಿದೆ ಕೂಡ.

"ಇದು ಹೆಣ್ಣು. ಮಿಕ್ಕ ಮೂರೂ ಗಂಡು" ಎಂದೆ.

"ಖಂಡಿತವಾ ಲಕ್ಷ್ಮೀಶ? ಮೂರನ್ನೂ ಬೇಲಿ ಹೊರಗೆ ಎಲ್ಲಾದ್ರೂ ಇಟ್ಟಿರ್ತೀನಿ, ಹೂ ಬರೋ ತನಕ."

"ಅಕ್ಕ, ಗಂಡು ಇಟ್ಕೊಂಡು ಎಂತ ಮಾಡ್ತೀರಿ? ಕಾಡಲ್ಲಿ ಬೇಕಾದಷ್ಟಿದೆ. ನಾನೇ ಎಸೀತೀನಿ ಕೊಡಿ."

ಒಂದು ನೆಟ್ಟೆವು. ಮೂರನ್ನು ಚೀಲದಲ್ಲಿ ಹಾಕಿಕೊಂಡು ಬಂದೆ. ಅಕ್ಕ ಗೇಟಿನ ತನಕ ಬಂದು ಆ ಚೀಲವನ್ನೇ ನೋಡುತ್ತಾ ನಿಂತಿದ್ದರು.

ಮರ ಬೆಳೆಯಿತು. ಮೊದಲ ಸಲ ಹೂ ಬಂದು ಉದುರಿದಾಗ, ಚೊಚ್ಚಲ ಹೂ ನಿಲ್ಲುವುದಿಲ್ಲ ಎಂದೆ. ಎರಡನೇ ಸಲ, ಹುಳಹುಪ್ಪಟೆ ಕಡಿಮೆ, ಪರಾಗ ಬಂದಿಲ್ಲ ಎಂದೆ. ಹೋದ ವರ್ಷದ ಹೂ ಕಾಯಾಗಿ ಮಾಗಬೇಕಾದ ಕಾಲ ಈಗ. ಫೋನಿನಲ್ಲಿ ಅಕ್ಕನ ದನಿ ಸಣ್ಣಗಿತ್ತು. "ಕಾಯಿ ಕಾಣಿಸ್ತಾ ಇಲ್ಲ ಲಕ್ಷ್ಮೀಶ. ಇವ್ರು ಮರ ಕಡಿಸ್ತಾರಂತೆ. ನೀನು ಒಂದ್ಸಲ ಬಂದು ಹೇಳು."

ಬೈಕಿನಲ್ಲಿ ನಾಲ್ಕೇ ನಿಮಿಷಕ್ಕೆ ಸೀತೂರು ಮುಟ್ಟಿದೆ. ಹರಿಹರಣ್ಣ ಅಂಗಳದಲ್ಲಿ ಹಗ್ಗ ಹಿಡಿದು ಅಳತೆ ಮಾಡುತ್ತಿದ್ದರು. ಕೆಟ್ಟವರಲ್ಲ ಅವರು. ಮಧ್ಯಾಹ್ನದ ಮೇಲೆ ಈ ಮರದ ನೆರಳು ಅರ್ಧ ಅಂಗಳಕ್ಕೆ ಬೀಳುತ್ತದೆ. ಹೋದ ಕೊಯ್ಲಿನಲ್ಲಿ ಎರಡು ಸಲ ಅಡಿಕೆಗೆ ಬೂಷ್ಟು ಹಿಡಿದಿತ್ತು. ಮಳೆಗಾಲಕ್ಕೆ ಮುಂಚೆ ಅಲ್ಲಿ ಪ್ಲಾಸ್ಟಿಕ್ ಮಾಡಿನ ಒಣಗಿಸುವ ಮನೆ ಕಟ್ಟಬೇಕೆಂದು ಅವರ ಯೋಚನೆ. ಮರ ಕಡಿಯಲು ಒಪ್ಪಿಗೆಯ ಕಾಗದವೂ ಬಂದಿತ್ತು.

"ಬಾರೋ ಪಂಡಿತ" ಎಂದರು. "ನಿನ್ನ ಹೆಣ್ಣು ಮರ ಎಂತಕ್ಕೆ ಹೆರಲಿಲ್ಲ ಅಂತ ಹೇಳು."

ಕೊನೆಯ ಹೂ ಇನ್ನೂ ಉದುರುತ್ತಿತ್ತು. ಅಕ್ಕ ಅಂಗೈ ತುಂಬ ಹೆಕ್ಕಿ ತಂದು ನನ್ನ ಮುಂದೆ ಹಿಡಿದರು. ಹೆಣ್ಣು ಹೂ ಒಂದು ತೊಟ್ಟಿಗೆ ಎರಡೋ ಮೂರೋ ಇರುತ್ತದೆ, ದಪ್ಪಗೆ, ಬುಡದಲ್ಲಿ ಪುಟ್ಟ ಹೊಟ್ಟೆಯೊಂದಿಗೆ. ಇವು ಗೊಂಚಲು ಗೊಂಚಲು, ಸಣ್ಣವು. ಒಂದನ್ನು ಉಗುರಿನಿಂದ ಸೀಳಿದೆ. ಒಳಗೆ ಹೊಟ್ಟೆ ಇರಲಿಲ್ಲ, ಒಂದು ಕಡ್ಡಿ, ಅದಕ್ಕೆ ಅಂಟಿದ ಹಳದಿ ಪುಡಿ ಅಷ್ಟೇ. ಪುಡಿ ಉಗುರಿಗೆ ಹತ್ತಿತು. ಪಂಚೆಗೆ ಒರೆಸಿಕೊಂಡೆ.

ಗಂಡು. ಅಪ್ಪಟ ಗಂಡು. ಇನ್ನು ಸಾವಿರ ವರ್ಷ ನಿಂತರೂ ಒಂದು ಕಾಯಿ ಬಿಡುವುದಿಲ್ಲ.

"ಹೆಣ್ಣು ತಾನೆ?" ಅಕ್ಕ ಕೇಳಿದರು.

ಅವರು ನನ್ನ ಮುಖ ನೋಡುತ್ತಿರಲಿಲ್ಲ, ಉಗುರು ನೋಡುತ್ತಿದ್ದರು. ಆಗ ಹೇಳಬಹುದಿತ್ತು. ಬಾಯಿ ಇದೆಯಲ್ಲ ಹಾಳಾದ್ದು, ಅದು ನನ್ನನ್ನು ಕೇಳುವುದಿಲ್ಲ.

"ಹೆಣ್ಣಲ್ಲದೆ ಮತ್ತೆಂತ? ಕಾಯಿ ಇದೆ ಅಕ್ಕ. ಮೇಲೆ, ಎಲೆ ಸಂದಿಯಲ್ಲಿ. ನಿಮಗೆ ಕಾಣೋದಿಲ್ಲ, ನನಗೆ ಕಾಣ್ತದೆ. ಹತ್ತೊಂಬತ್ತು ಇದೆ."

ಹರಿಹರಣ್ಣ ಹಗ್ಗ ಕೆಳಗಿಟ್ಟರು. ಕಣ್ಣಿಗೆ ಕೈ ಅಡ್ಡ ಹಿಡಿದು ಮೇಲೆ ನೋಡಿದರು. "ಸರಿ ಹಾಗಾದ್ರೆ. ಬುಧವಾರ ಒಂಬತ್ತು ಗಂಟೆಗೆ ರಾಜೇಶ ಮೆಷಿನ್ ತರ್ತಾನೆ. ನೀನೂ ಬಾ. ಎಲ್ಲರ ಎದುರಿಗೆ ಒಂದೇ ಒಂದು ಕಾಯಿ ತೋರ್ಸು. ತೋರ್ಸಿದ್ರೆ ಮರ ಇವಳದ್ದು, ನಾನು ಬಾವಿ ಕಡೆ ಕಟ್ಟಿಕೊಳ್ತೀನಿ, ಬಿಸಿಲು ಕಡಿಮೆಯಾದ್ರೂ ಅಡ್ಡಿಲ್ಲ. ಇಲ್ದಿದ್ರೆ ಒಂಬತ್ತೂ ಕಾಲಿಗೆ ಮರ ಕೆಳಗೆ."

"ಹತ್ತೊಂಬತ್ತು ಅಂದ್ನಲ್ಲ" ಎಂದರು ಅಕ್ಕ. ಮುಖ ಅರಳಿತ್ತು. ಅದನ್ನು ನೋಡಿದ ಮೇಲೆ ಕಾಫಿಯೂ ಕುಡಿಯದೆ ಹೊರಟುಬಿಟ್ಟೆ.

ಈಗ ಹತ್ತೊಂಬತ್ತು ಕಾಯಿ ಎಲ್ಲಿಂದ ತಂದೆ ಎನ್ನುತ್ತೀರಿ. ನರಸಿಂಹಪರ್ವತದ ಕಾಡಿನಲ್ಲಿ ಇನ್ನೂರು ಅಡಿ ಎತ್ತರದ ಒಂದು ರಾಮಪತ್ರೆ ಇದೆ. ನಾನಲ್ಲದೆ ಯಾರೂ ಅದನ್ನು ಹತ್ತಿಲ್ಲ. ನಾನು ಅರ್ಧ ಏರುವಾಗ ಕೆಳಗೆ ಹುಲಿ ಬಂದು ಕೂತಿತು. ಮೂರು ತಾಸು ಅದೂ ಕಾದಿತು, ನಾನೂ ಕಾದೆ. ಕೊನೆಗೆ ಅದಕ್ಕೇ ಬೇಸರ ಬಂದು ಎದ್ದು ಹೋಯಿತು. ಹಾಗೆ ತಂದ ಕಾಯಿ ಅವು.

ಮಂಗಳವಾರ ಹರಿಹರಣ್ಣನ ಮನೆಯವರೆಲ್ಲ ಕೊಪ್ಪಕ್ಕೆ ಉಪನಯನಕ್ಕೆ ಹೋಗುವವರಿದ್ದರು. ಹತ್ತು ಗಂಟೆಗೆ ಅವರ ಕಾರು ತಿರುವು ದಾಟುವುದನ್ನೇ ಕಾದು, ಬೈಕನ್ನು ಬೇಲಿಯಾಚೆ ಲಂಟಾನದ ಮರೆಯಲ್ಲಿ ನಿಲ್ಲಿಸಿ, ಚೀಲ ಬೆನ್ನಿಗೆ ಹಾಕಿ ಮರ ಹತ್ತಿದೆ. ಕಸಿಗೆ ಕಟ್ಟುವ ಪ್ಲಾಸ್ಟಿಕ್ ಪಟ್ಟಿ ಬಿಸಿಲಿಗೆ ಮಿಂಚುತ್ತದೆ. ಅದಕ್ಕೆ ಒಣ ಬಾಳೆ ನಾರು ತಂದಿದ್ದೆ. ನಾರೂ ಕಂದು, ಕಾಯಿಯೂ ಕಂದು. ಹನ್ನೆರಡು ಅಡಿ ದೂರದಿಂದ ಗರುಡನಿಗೂ ಗೊತ್ತಾಗಬಾರದು.

ಆರು ಕಟ್ಟುವಷ್ಟರಲ್ಲಿ ಚಿಗಳಿ ಇರುವೆಗಳು ನನ್ನನ್ನು ಕಂಡುಹಿಡಿದವು. ಎಂಟಕ್ಕೆ ಬರುವಾಗ ಕುತ್ತಿಗೆ, ಬಗಲು, ಇನ್ನು ಹೇಳಲಾಗದ ಕಡೆಯೆಲ್ಲ ಕಚ್ಚಿದವು. ಹನ್ನೊಂದನೆಯ ಕಾಯಿಗೆ ಗಂಟು ಹಾಕುತ್ತಿದ್ದೆ, ಗೇಟು ಕಿರ್ರೆಂದಿತು.

ಬಂದವನು ಮರ ಕೊಯ್ಯುವ ರಾಜೇಶ. ಮೆಷಿನ್ ಇರಲಿಲ್ಲ, ಕೈಯಲ್ಲಿ ಕತ್ತಿ ಮಾತ್ರ. ಮರ ಯಾವ ಕಡೆ ಬೀಳಿಸಬೇಕೆಂದು ಮುಂಚೆಯೇ ನೋಡಿಕೊಂಡು ಹೋಗುವುದು ಅವನ ಕ್ರಮ. ನೇರ ನನ್ನ ಕೆಳಗೆ ಬಂದು ನಿಂತ. ಬುಡಕ್ಕೆ ಕತ್ತಿಯ ಹಿಂಬದಿಯಿಂದ ಎರಡು ಸಲ ಬಡಿದ. ಆ ಬಡಿತ ನನ್ನ ಪಾದಕ್ಕೆ ಬಂತು.

ಉಸಿರು ಹಿಡಿದೆ. ಎಡಗೈ ಕೊಂಬೆಯ ಮೇಲೆ, ಬಲಗೈಯಲ್ಲಿ ಕಾಯಿ, ಹಲ್ಲಿನ ನಡುವೆ ನಾರು. ಒಂದು ಚಿಗಳಿ ಕಿವಿಯ ಒಳಗೆ ದಾರಿ ಹುಡುಕುತ್ತಿತ್ತು. ರಾಜೇಶ ಫೋನು ತೆಗೆದ.

"ಹರಿಹರಣ್ಣ, ನೋಡ್ದೆ. ಬಾವಿ ಕಡೆ ವಾಲಿದೆ, ಹಗ್ಗ ಹಾಕಿ ಈಚೆ ಎಳೀಬೇಕು. ಅಷ್ಟೇ, ಕಾಲು ಗಂಟೆ ಕೆಲಸ... ಹ್ಞಾಂ, ಕಾಯಿ ಇದ್ರೆ ಕಡಿಯೋದಿಲ್ಲ ಬಿಡಿ. ಅದೆಂತದು, ನಾನು ನೋಡಿದ್ರೆ ಒಂದೂ..."

ಆಗ ಹನ್ನೊಂದನೆಯ ಕಾಯಿ ನನ್ನ ಬೆವರಿದ ಬೆರಳಿಂದ ಜಾರಿತು. ಅದು ಬೀಳುವುದನ್ನು ನಾನು ಕಣ್ಣಾರೆ ನೋಡಿದೆ. ಎಲೆಗೆ ಬಡಿಯಿತು, ಕೊಂಬೆಗೆ ಬಡಿಯಿತು, ರಾಜೇಶನ ಚಪ್ಪಲಿಯ ಪಕ್ಕ ಧೊಪ್ಪೆಂದಿತು.

ಅವನು ಬಗ್ಗಿ ಎತ್ತಿಕೊಂಡ. ತಿರುಗಿಸಿ ನೋಡಿದ. ಆಮೇಲೆ ಮೇಲೆ ನೋಡಿದ, ಬಹಳ ಹೊತ್ತು. ನಾನು ಎಲೆಯಾದೆ, ತೊಗಟೆಯಾದೆ, ಮರದ ಒಂದು ಗಂಟಾದೆ. ನೀವೇ ಅಲ್ಲಿದ್ದರೂ ನನ್ನನ್ನು ಮುಟ್ಟಿ ಮರವೆಂದೇ ಹೇಳುತ್ತಿದ್ದಿರಿ.

"ಇಲ್ಲ ಅಣ್ಣ, ಎಂತ ಇಲ್ಲ" ಎಂದ ರಾಜೇಶ ಫೋನಿಗೆ. "ನಾಳೆ ಬರ್ತೀನಿ." ಫೋನು ಕಿಸೆಗೆ ಹಾಕಿದ. ಕಾಯಿಯನ್ನೂ ಇನ್ನೊಂದು ಕಿಸೆಗೆ ಹಾಕಿದ. ಹೋಗುತ್ತಾ ಯಾರಿಗೋ ಹೇಳುವಂತೆ, "ಈ ಮರದಲ್ಲಿ ಚಿಗಳಿ ಜಾಸ್ತಿ" ಎಂದ.

ಗೇಟು ಮುಚ್ಚಿದ ಮೇಲೆ ಉಳಿದ ಎಂಟನ್ನೂ ಕಟ್ಟಿದೆ. ಒಟ್ಟು ಹದಿನೆಂಟಾಯಿತು. ಅವಸರದಲ್ಲಿ ಮನುಷ್ಯ ಹೊಸತೇನನ್ನೂ ಮಾಡುವುದಿಲ್ಲ, ರೂಢಿಯಾದದ್ದನ್ನೇ ಮಾಡುತ್ತಾನೆ. ಬಲಕ್ಕೆ ಎರಡು ಸುತ್ತು, ಎಡಕ್ಕೆ ಒಂದು, ತುದಿ ಒಳಗಿನಿಂದ ಮೇಲಕ್ಕೆ. ಅದರ ಬಗ್ಗೆ ನಾನು ಯೋಚಿಸಲೇ ಇಲ್ಲ.

ಮನೆಗೆ ಬಂದಾಗ ಹೆಂಡತಿ ಸುಮಲತಾ ನನ್ನ ಊದಿದ ಕುತ್ತಿಗೆ ನೋಡಿದಳು, ಖಾಲಿ ಚೀಲ ನೋಡಿದಳು. ಅರಿಸಿನ ಕಲಸಿ ತಂದು ಬಟ್ಟಲು ಮುಂದೆ ಇಟ್ಟಳು. "ನೀವೇ ಹಚ್ಕೊಳ್ಳಿ" ಎಂದಳು. "ಇಷ್ಟೆಲ್ಲ ಮಾಡೋ ಬದ್ಲು ಆ ವನಮಾಲಕ್ಕಂಗೆ ಒಂದು ಮಾತು ಹೇಳ್ಬಹುದಿತ್ತು." ನಾನು ಬಟ್ಟಲು ಎಳೆದುಕೊಂಡು ಕುತ್ತಿಗೆಗೆ ಹಚ್ಚಿಕೊಂಡೆ.

ಬುಧವಾರ ಒಂಬತ್ತಕ್ಕೆ ಹತ್ತು ನಿಮಿಷ ಇರುವಾಗಲೇ ಎಲ್ಲರೂ ಅಂಗಳದಲ್ಲಿದ್ದರು. ರಾಜೇಶನ ಮೆಷಿನ್ ಮರದ ಬುಡದಲ್ಲಿ ಕೂತಿತ್ತು, ಎಣ್ಣೆ ಹಾಕಿ ಸಿದ್ಧವಾಗಿ. ಹಗ್ಗವನ್ನೂ ಕೊಂಬೆಗೆ ಎಸೆದು ಬಿಗಿದಾಗಿತ್ತು. ಅಕ್ಕ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಅಡುಗೆ ಅರ್ಧಕ್ಕೇ ಬಿಟ್ಟು ಬಂದಂತೆ ನಿಂತಿದ್ದರು.

"ತೋರ್ಸು ಮಾರಾಯ" ಎಂದರು ಹರಿಹರಣ್ಣ.

ಕತ್ತು ಎತ್ತಿ ಬೆರಳು ಮಾಡಿದೆ. "ಅಲ್ಲಿ. ಆ ಎರಡನೇ ಕವಲಿನಲ್ಲಿ. ಪಕ್ಕದಲ್ಲಿ ಇನ್ನೆರಡು."

ಹರಿಹರಣ್ಣ ಕನ್ನಡಕ ಸರಿಮಾಡಿಕೊಂಡು ನೋಡಿದರು. ಜಾಗ ಬದಲಿಸಿ ಮತ್ತೆ ನೋಡಿದರು. ಎಣಿಸುತ್ತಿದ್ದರು, ತುಟಿ ಅಲ್ಲಾಡುತ್ತಿತ್ತು. ರಾಜೇಶ ಮಾತ್ರ ಮೇಲೆ ನೋಡಲಿಲ್ಲ. ಮೆಷಿನ್ನಿನ ಸರಪಳಿ ಒರೆಸುತ್ತಾ ಕೂತಿದ್ದ.

"ಮೊನ್ನೆ ಇರ್ಲಿಲ್ಲವಲ್ಲೋ" ಎಂದರು ಹರಿಹರಣ್ಣ ಕೊನೆಗೆ.

"ಮಾಗಿದ ಮೇಲೆ ಬಣ್ಣ ತಿರುಗ್ತದೆ, ಆಗ ಕಾಣ್ತದೆ."

"ಹೌದಾ ರಾಜೇಶ?"

"ನಂಗೆಂತ ಗೊತ್ತು ಅಣ್ಣ. ನಾನು ಬುಡ ನೋಡೋನು."

"ಒಂದನ್ನು ಹತ್ತಿ ಕಿತ್ತು ತಾ ನೋಡುವ" ಎಂದು ಹರಿಹರಣ್ಣ ಅವನಿಗೆ ಹೇಳುವುದಕ್ಕೂ ಬೇಲಿಯಾಚೆಯಿಂದ ನಗು ಕೇಳುವುದಕ್ಕೂ ಸರಿಹೋಯಿತು.

ಯಾರೋ ಬಿದ್ದು ಬಿದ್ದು ನಕ್ಕಂತೆ. ಅಕ್ಕನ ಕೈ ಬಾಯಿಗೆ ಹೋಯಿತು. ಎರಡು ಬೂದು ಮಂಗಟ್ಟೆಗಳು ಗುಡ್ಡದ ಕಡೆಯಿಂದ ಬಂದು, ಒಂದು ಹಲಸಿನ ತುದಿಯಲ್ಲಿ ಕೂತಿತು, ಇನ್ನೊಂದು ನೇರ ರಾಮಪತ್ರೆಗೆ ಬಂತು. ಕರೆದವನು ನಾನಲ್ಲ, ಆಣೆಯಾಗಿ ನಾನಲ್ಲ.

ಹಕ್ಕಿ ಕೊಂಬೆಯ ಮೇಲೆ ಪಕ್ಕಕ್ಕೆ ಪಕ್ಕಕ್ಕೆ ಜಿಗಿಯಿತು. ತಲೆ ಓರೆ ಮಾಡಿ ಬಾಯಿಬಿಟ್ಟ ಒಂದು ಕಾಯಿಯನ್ನು ನೋಡಿತು.

"ಬಂತು" ಎಂದರು ಅಕ್ಕ. ದನಿ ಬರೇ ಉಸಿರು. "ಅಮ್ಮನ ಮನೆ ಹಕ್ಕಿ ಬಂತು, ನೋಡಿ."

ಹರಿಹರಣ್ಣ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಹೆಂಡತಿಯನ್ನು ನೋಡಿದರು, ಹಕ್ಕಿಯನ್ನು ನೋಡಿದರು. "ರಾಜೇಶ, ಹಗ್ಗ ಬಿಚ್ಚೋ" ಎಂದರು ಮೆತ್ತಗೆ. "ಬಾವಿ ಕಡೆ ಕಟ್ಟುವ."

ಗೆದ್ದೆ ಎಂದುಕೊಂಡೆ. ಎರಡು ಕ್ಷಣ, ಹೆಚ್ಚೆಂದರೆ ಮೂರು.

ಹಕ್ಕಿ ಕೊಕ್ಕಿನಲ್ಲಿ ಕಾಯಿ ಹಿಡಿದು ಎಳೆಯಿತು. ಮಾಗಿದ ರಾಮಪತ್ರೆ ಮುಟ್ಟಿದರೆ ಕೈಗೆ ಬರಬೇಕು. ಇದು ಬರಲಿಲ್ಲ. ಹಕ್ಕಿ ಮತ್ತೆ ಎಳೆಯಿತು. ಕೊಂಬೆಯೇ ಬಾಗಿತು. ಹಕ್ಕಿ ರೆಕ್ಕೆ ಬಡಿದು ಹಿಂದಕ್ಕೆ ವಾಲಿತು, ಕಾಯಿ ಕೊಂಬೆಯಿಂದ ಒಂದು ಗೇಣು ಕೆಳಗೆ ನಾರಿನ ತುದಿಯಲ್ಲಿ ನೇತಾಡಿತು. ಗೊಂಬೆಯಾಟದ ಗೊಂಬೆಯ ಹಾಗೆ ಅತ್ತ ಇತ್ತ ತೂಗಿತು. ನನ್ನ ಗಂಟು ಬಿಚ್ಚಲಿಲ್ಲ. ಬಿಚ್ಚಿಬಿಡು ಎಂದು ಜನ್ಮದಲ್ಲಿ ಮೊದಲ ಸಲ ಬೇಡಿಕೊಂಡೆ, ಬಿಚ್ಚಲಿಲ್ಲ. ಕೊನೆಗೆ ಒಣ ಕಡ್ಡಿಯೇ ಮುರಿಯಿತು. ಕಡ್ಡಿ, ನಾರು, ಕಾಯಿ ಮೂರೂ ಒಟ್ಟಿಗೆ ಅಂಗಳಕ್ಕೆ ಬಿದ್ದವು. ಹಕ್ಕಿಗಳೆರಡೂ ನಗುತ್ತಾ ಗುಡ್ಡದ ಕಡೆ ಹೋದವು.

ಅಕ್ಕ ನಡೆದುಹೋಗಿ ಅದನ್ನು ಎತ್ತಿಕೊಂಡರು. ಅವರು ನಾರನ್ನು ಹೆಬ್ಬೆರಳಿನಿಂದ ಸವರಿದರು. ಎಣಿಸಿದರು, ನನಗೆ ಕೇಳುವಂತೆ.

"ಬಲಕ್ಕೆ ಎರಡು. ಎಡಕ್ಕೆ ಒಂದು." ತಲೆ ಎತ್ತಿದರು. "ಈ ಗಂಟು ಬೇರೆ ಯಾರಿಗೂ ಬರೋದಿಲ್ಲ ಅಂತ ನೀನೇ ಹೇಳಿದ್ದಲ್ವಾ ಲಕ್ಷ್ಮೀಶ?"

"ಅಕ್ಕ, ಅದು... ಗಾಳಿಗೆ ಬೀಳಬಾರ್ದು ಅಂತ ಕಟ್ಟಿದ್ದು. ಮರದ್ದೇ ಕಾಯಿ."

"ಮರ ಗಂಡಾ, ಹೆಣ್ಣಾ?"

"ಅದೆಂತ ಅಂದ್ರೆ..."

"ಒಂದೇ ಮಾತು ಹೇಳು."

"ಗಂಡು" ಎಂದೆ.

ಅಕ್ಕ ಮರದ ಕಡೆ ತಿರುಗಲಿಲ್ಲ. ಅವರು ತಿರುಗಿಯಾರೆಂದು ಕಾದೆ. "ಹಾಗಾದ್ರೆ ಈ ಕಾಯಿ ಎಲ್ಲಿದು?"

"ನರಸಿಂಹಪರ್ವತದ್ದು ಅಕ್ಕ. ಇನ್ನೂರು ಅಡಿ ಮರ. ನಾನು ಹತ್ತುವಾಗ ಕೆಳಗೆ ಹುಲಿ..."

ರಾಜೇಶ ಕಿಸೆಗೆ ಕೈ ಹಾಕಿ ನಿನ್ನೆಯ ಕಾಯಿ ತೆಗೆದ. ಮೆಷಿನ್ನಿನ ಮೇಲೆ ಇಟ್ಟ. "ಹುಲಿ ಎಂತದೂ ಇಲ್ಲ ಅಕ್ಕ. ನಿನ್ನೆ ಇವ್ರು ಮೇಲಿದ್ರು, ಬೈಕು ಲಂಟಾನದಲ್ಲಿತ್ತು. ಇದು ಮೇಲಿಂದ ಬಿತ್ತು. ಹೇಳೋದು ನನ್ನ ಕೆಲಸ ಅಲ್ಲ ಅಂತ ಸುಮ್ಮನಿದ್ದೆ." ನನ್ನ ಕಡೆ ನೋಡಿದ. ನಗು ಇರಲಿಲ್ಲ. "ಇಂಥದ್ದೇ ಕಾಯಿ ಇವ್ರ ಕೊಟ್ಟಿಗೆ ಹಿಂದಿನ ಮರದಲ್ಲಿದೆ. ಹೋದ ವರ್ಷ ಅಲ್ಲಿ ಹಲಸಿನ ಕೊಂಬೆ ಕಡೀಲಿಕ್ಕೆ ಹೋಗಿದ್ದೆ. ಮಂಗಟ್ಟೆ ಗಲಾಟೆಗೆ ಮಾತೇ ಕೇಳ್ತಿರಲಿಲ್ಲ."

"ಕೊಟ್ಟಿಗೆ ಹಿಂದೆ?" ಅಕ್ಕ ಕೇಳಿದರು. ಆಮೇಲೆ ಅವರಿಗೆ ಹೊಳೆಯಿತು. ಅದು ಅವರ ಮುಖದಲ್ಲಿ ಹೊಳೆಯುವುದನ್ನು ನಾನು ನೋಡಿದೆ. ಅಂಥದ್ದನ್ನು ಮತ್ತೆ ನೋಡುವುದು ಬೇಡ. "ಲಕ್ಷ್ಮೀಶ, ಆ ಮೂರು ಸಸಿ ಎಂತ ಮಾಡ್ದೆ?"

ಅಂಗಳದಲ್ಲಿ ಕೂತುಬಿಟ್ಟೆ. ಇದು ಉತ್ಪ್ರೇಕ್ಷೆಯಲ್ಲ.

"ಎಸೀಲಿಲ್ಲ ಅಕ್ಕ. ಎಸೀಲಿಕ್ಕೆ ಮನಸ್ಸು ಬರಲಿಲ್ಲ, ಕೊಟ್ಟಿಗೆ ಹಿಂದೆ ನೆಟ್ಟೆ. ಒಂದು ಸತ್ತುಹೋಯ್ತು. ಒಂದು ಗಂಡು. ಒಂದು ಹೆಣ್ಣು. ಕಾಯಿ ಬಿಡ್ಲಿಕ್ಕೆ ಶುರುವಾಗಿ ಇದು ಮೂರನೇ ವರ್ಷ."

"ಎಲೆ ನೋಡಿ ಹೇಳಿದ್ಯಲ್ಲ."

"ಎಲೆ ನೋಡಿ ಯಾರಿಗೂ ಹೇಳ್ಲಿಕ್ಕಾಗೋದಿಲ್ಲ. ನನಗೂ ಆಗೋದಿಲ್ಲ. ಅವತ್ತು ಯಾವುದು ಎತ್ತರ ಇತ್ತೋ ಅದನ್ನ ಹೆಣ್ಣು ಅಂದೆ. ನೀವು ನಾಲ್ಕೂ ನೆಡ್ತೀನಿ ಅಂದದ್ದೇ ಸರಿ ಇತ್ತು."

"ಮೂರು ವರ್ಷ" ಎಂದರು ಹರಿಹರಣ್ಣ. ಅವರಿಗೆ ಸಿಟ್ಟು ಬಂದಿರಲಿಲ್ಲ, ಅದೇ ಕಷ್ಟವಾಯಿತು. "ಮೂರು ವರ್ಷದಿಂದ ಇವಳು ದಿನಾ ಬೆಳಿಗ್ಗೆ ಇಲ್ಲಿ ಬಂದು ಮೇಲೆ ನೋಡ್ತಾಳೆ. ಎಂಟು ಮೈಲಿಯಲ್ಲಿ ಆ ಮರ ಇತ್ತು. ಒಂದು ಸಲ ಕರ್ದು ತೋರ್ಸ್ಲಿಕ್ಕೆ ಎಂತ ಆಗಿತ್ತು ನಿಂಗೆ?"

"ತೋರ್ಸಿದ್ರೆ ಎಲೆ ನೋಡಿ ಹೇಳೋನು ಅನ್ನೋ ಹೆಸರು ಹೋಗ್ತಿತ್ತು. ಅಷ್ಟೇ ಅಣ್ಣ. ಬೇರೆ ಕಾರಣ ಇಲ್ಲ."

ಅಕ್ಕ ಕಾಯಿಯಿಂದ ನಾರು ಬಿಡಿಸಲು ನೋಡುತ್ತಿದ್ದರು. ಗಂಟು ಬರಲಿಲ್ಲ. ಹಲ್ಲಿನಿಂದ ಕಚ್ಚಿ ಹರಿದರು. ಕಾಯಿಯನ್ನು ಹೋಳು ಮಾಡಿ ಪತ್ರೆಯನ್ನು ಮೂಸಿದರು, ಬಹಳ ಹೊತ್ತು ಮೂಸಿದರು.

"ಅಮ್ಮನ ಮನೇದೇ" ಎಂದರು ತಮಗೆ ತಾವೇ. ಆಮೇಲೆ ನನ್ನನ್ನು ಕೇಳಿದರು. "ಇದಕ್ಕೆ ಅದರ ಕಸಿ ಕಟ್ಟಲಿಕ್ಕಾಗ್ತದಾ?"

ಆಗುತ್ತದೆ. ಗಂಡು ಜಾಯಿಕಾಯಿ ಮರಗಳಿಗೆ ಮಾಡುತ್ತೇವೆ. ಹರಿಹರಣ್ಣನಿಗೂ ಕೇಳುವಂತೆ ಹೇಳಿದೆ. ಬುಡ ಕಡಿಯುವುದು ಬೇಡ, ಎದೆಯ ಮಟ್ಟಕ್ಕೆ ಕೊಯ್ದರೆ ಸಾಕು, ಸುಮಾರು ವರ್ಷ ಅಂಗಳಕ್ಕೆ ನೆರಳು ಬೀಳುವುದಿಲ್ಲ. ಮಳೆಗೆ ಮೋಟಿನಿಂದ ಚಿಗುರು ಬರುತ್ತದೆ. ಆ ಚಿಗುರಿಗೆ ನಮ್ಮ ಕೊಟ್ಟಿಗೆ ಹಿಂದಿನ ಹೆಣ್ಣು ಮರದ ನೆಟ್ಟಗೆ ಬೆಳೆಯುವ ಕುಡಿ ತಂದು ಕಟ್ಟಬೇಕು. ಹಿಡಿದರೆ ನಾಲ್ಕೈದು ವರ್ಷಕ್ಕೆ ಕಾಯಿ.

ಹರಿಹರಣ್ಣ ಹೋಗಿ ಮರದ ಎದೆಯ ಮಟ್ಟಕ್ಕೆ ಕೈ ಇಟ್ಟು ನಿಂತರು. ಅಳತೆಯ ಹಗ್ಗ ತೆಗೆದುಕೊಂಡರು, ಬಾವಿಯ ಕಡೆ ಒಮ್ಮೆ ನೋಡಿದರು. "ಮಾಡನ್ನ ಎರಡು ಅಡಿ ಈಚೆ ತಂದ್ರೆ ಮೋಟು ಹೊರಗೆ ಉಳೀತದೆ" ಎಂದರು. ರಾಜೇಶ ಮೆಷಿನ್ ಕೈಗೆತ್ತಿಕೊಂಡ. ಶುರು ಮಾಡಲಿಲ್ಲ, ಅಕ್ಕನ ಮುಖ ನೋಡಿದ.

ಅಕ್ಕ ನನ್ನನ್ನೇ ನೋಡುತ್ತಿದ್ದರು. "ಕಸಿ ಕಟ್ಟೋದು ನೀನು. ಕುಡಿ ಕೊಯ್ಯೋ ದಿನ ನಾನೂ ಬರ್ತೀನಿ, ಆ ಮರ ನೋಡ್ಬೇಕು ನಂಗೆ. ಸುಮಲತಂಗೆ ಹೇಳಿರು. ಅದು ಇರ್ಲಿ, ಒಂದು ಕೇಳ್ತೀನಿ. ಹತ್ತು ಕಟ್ಟಿದ್ರೆ ಎಷ್ಟು ಹಿಡೀತದೆ?"

ನೂರಕ್ಕೆ ನೂರೆರಡು ಎಂಬುದು ನಾಲಿಗೆಯ ತುದಿಗೆ ಬಂದಿತ್ತು. ಅಕ್ಕನ ಕೈಯಲ್ಲಿ ಹರಿದ ನಾರು ಇನ್ನೂ ಇತ್ತು.

"ರಾಮಪತ್ರೆಯ ದಪ್ಪ ಮೋಟಿಗೆ ನಾನು ಈ ತನಕ ಕಟ್ಟಿಲ್ಲ ಅಕ್ಕ" ಎಂದೆ. "ಜಾಯಿಕಾಯಿಗೆ ಕಟ್ಟಿದ್ದೀನಿ. ಅದರಲ್ಲಿ ಹತ್ತಕ್ಕೆ ಮೂರು ಹಿಡಿದಿವೆ."